ಪೆನ್ ಟ್ಯಾಬ್ಲೆಟ್‌ನಲ್ಲಿ ವೃತ್ತ ಎಳೆದರೆ ಮೊಟ್ಟೆ ಆಗುತ್ತದೆ, ಗೆರೆಯೂ ನಡುಗುತ್ತದೆ

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾನು ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ಎಂಜಿನಿಯರ್. ಅಂಕೋಲಾ ಕಡೆ ಒಂದು ಮೋರಿ, ಅದಕ್ಕೆ ಹೊಂದಿಕೊಂಡು ತಡೆಗೋಡೆ. ಅವುಗಳ ಡ್ರಾಯಿಂಗ್‌ನಲ್ಲಿ ತಿದ್ದುಪಡಿ ಗುರುತು ಹಾಕಿ ವಾಪಸ್ ಕಳಿಸುವುದು ನನ್ನ ಪಾಲಿನ ಕೆಲಸ. ಇಷ್ಟು ದಿನ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗೀಚುತ್ತಿದ್ದೆ. ಮಳೆಗಾಲದಲ್ಲಿ ಕಾಗದ ಹಳೇ ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಅದಕ್ಕೇ ಪೆನ್ ಟ್ಯಾಬ್ಲೆಟ್ ತಗೊಂಡೆ. ಪರದೆ ಇಲ್ಲದ ಸಾದಾ ಹಲಗೆ, ಅದರ ಮೇಲೆ ಪೆನ್ ಆಡಿಸಿದರೆ ಗೆರೆ ಲ್ಯಾಪ್‌ಟಾಪ್‌ನಲ್ಲಿ ಮೂಡುತ್ತದೆ. ಬರೆಯುವ ಜಾಗ 10 ಇಂಚು ಉದ್ದ, 6.25 ಇಂಚು ಅಗಲ.

ತೊಂದರೆ ಏನಂದರೆ, ವೃತ್ತ ಎಳೆದರೆ ಅಡ್ಡ ಮಲಗಿಸಿದ ಮೊಟ್ಟೆ ಬರುತ್ತದೆ. ಗೆರೆ ಸಣ್ಣಗೆ ನಡುಗುತ್ತದೆ. ಅಕ್ಷರ ಶುರು ಮಾಡುವಾಗ ಒಂದು ಕ್ಷಣ ತಡೆದು, ಆಮೇಲೆ ಸೀದಾ ಗೀಟು ಬೀಳುತ್ತದೆ. ನಾನು ಬರೆದ 5 ನೋಡಿ ಮೇಸ್ತ್ರಿ 6 ಅಂದರು. ಕಂಬಿಯ ಅಂತರ 150 ಇದ್ದದ್ದನ್ನು 160 ಅಂತ ಓದಿಕೊಂಡರೆ ಗತಿ ಏನು? ಹಲಗೆಯ ಡ್ರೈವರ್ ಸಾಫ್ಟ್‌ವೇರ್ ಎರಡು ಸಲ ತೆಗೆದು ಮತ್ತೆ ಹಾಕಿದೆ. ಪ್ರಯೋಜನ ಇಲ್ಲ. ಹಲಗೆಯೇ ಹಾಳಾಗಿದೆಯಾ?

ಚಿರೆಕಲ್ಲು (ಕುಮಟಾ)

ಹಲಗೆ ವಾಪಸ್ ಮಾಡಲು ಹೋಗಬೇಡಿ ಮಾರಾಯ್ರೆ, ತಡೀರಿ. ಲ್ಯಾಪ್‌ಟಾಪ್‌ಗೆ ಬೇರೆ ಮಾನಿಟರ್ ಸಿಕ್ಕಿಸಿದ್ದೀರಾ?

ಕಾಳಿದಂಡೆ

ಹೌದು. ಒಂದರಲ್ಲಿ ಡ್ರಾಯಿಂಗ್, ಇನ್ನೊಂದರಲ್ಲಿ ಮೇಲ್. ಎರಡೂ 1920 x 1080.

ಚಿರೆಕಲ್ಲು

ಹಾಗಾದರೆ ಮೊಟ್ಟೆಗೆ ಕಾರಣ ಸಿಕ್ಕಿತು. ನಿಮ್ಮ ಹಲಗೆ ಎರಡೂ ಪರದೆಗೆ ಸೇರಿ ಹಂಚಿಹೋಗಿದೆ. ಅಡ್ಡಕ್ಕೆ 3840 ಚುಕ್ಕಿ, 10 ಇಂಚಿಗೆ ಹಂಚಿದರೆ ಇಂಚಿಗೆ 384. ಮೇಲಿಂದ ಕೆಳಕ್ಕೆ 1080 ಚುಕ್ಕಿ, 6.25 ಇಂಚಿಗೆ, ಅಂದರೆ ಇಂಚಿಗೆ ಸುಮಾರು 173. ಕೈ ಅಡ್ಡಕ್ಕೆ ಒಂದಿಂಚು ಹೋದರೆ ಗೆರೆ ಎರಡು ಪಟ್ಟಿಗಿಂತ ಜಾಸ್ತಿ ಓಡುತ್ತದೆ. ಮೊಟ್ಟೆ ಆಗದೆ ಇನ್ನೇನಾಗಬೇಕು?

ಡ್ರೈವರ್ ಸೆಟ್ಟಿಂಗ್‌ನಲ್ಲಿ ಮ್ಯಾಪಿಂಗ್‌ಗೆ ಹೋಗಿ, ಡ್ರಾಯಿಂಗ್ ಇರುವ ಒಂದೇ ಮಾನಿಟರ್ ಆರಿಸಿ. ಆಗಲೂ 192ಕ್ಕೆ 173, ಸ್ವಲ್ಪ ಚಪ್ಪಟೆ ಉಳಿಯುತ್ತದೆ. ಅಳತೆ ಅನುಪಾತ ಕಾಯುವ ಆಯ್ಕೆಗೂ ಟಿಕ್ ಹಾಕಿ. ಹಲಗೆಯ ಒಂದು ಅಂಚಿನಲ್ಲಿ ಅರ್ಧ ಇಂಚಿಗಿಂತ ತುಸು ಜಾಸ್ತಿ ಜಾಗ ಸತ್ತುಹೋಗುತ್ತದೆ, ಹೋಗಲಿ ಬಿಡಿ.

ಶುರುವಿನ ಸೀದಾ ಗೀಟು ಬೇರೆ ಕಥೆ. ಪೆನ್ ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗಬೇಕು ಅಂತ ವಿಂಡೋಸ್ ಒಂದು ಕ್ಷಣ ಕಾಯುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಪೆನ್ ಆ್ಯಂಡ್ ಟಚ್’ ಒಳಗೆ ‘ಪ್ರೆಸ್ ಆ್ಯಂಡ್ ಹೋಲ್ಡ್’ ಅಂತಿದೆ, ಅದನ್ನು ಆಫ್ ಮಾಡಿ. ಡ್ರೈವರ್‌ನಲ್ಲಿ ವಿಂಡೋಸ್ ಇಂಕ್‌ನ (ವಿಂಡೋಸ್‌ನದೇ ಪೆನ್ ಸೌಲಭ್ಯ) ಟಿಕ್ ತೆಗೆದೂ ನೋಡಬಹುದು. ಕೆಲವು ಸಾಫ್ಟ್‌ವೇರ್‌ನಲ್ಲಿ ಆಗ ಒತ್ತಡಕ್ಕೆ ತಕ್ಕ ದಪ್ಪ ಬರುವುದಿಲ್ಲ. ಚಿತ್ರ ಬಿಡಿಸುವವರಿಗೆ ಅದು ನಷ್ಟ, ನಮಗಲ್ಲ. ಡ್ರಾಯಿಂಗ್ ಮೇಲೆ ಗೆರೆ ಒಂದೇ ದಪ್ಪ ಇದ್ದರೇ ಚಂದ.

ಕಾಳಿದಂಡೆ

ವೃತ್ತ ವೃತ್ತವಾಯಿತು! ಗೀಟೂ ಹೋಯಿತು. ಆದರೆ ನಡುಕ ಹಾಗೇ ಇದೆ. ನಿಬ್ ಬದಲಿಸಿದೆ. ಕಬ್ಬಿಣದ ಟೇಬಲ್ ಇರಬಹುದು ಅಂತ ಹಲಗೆಯ ಕೆಳಗೆ ದಪ್ಪ ರಟ್ಟು ಇಟ್ಟೆ. ಊಹೂಂ.

ಹಳೇ ಡ್ರಾಫ್ಟ್ಸ್‌ಮನ್ (ಶಿರಸಿ)

ತಮಾ, ನಡುಕ ಕೈಯದ್ದೋ ಪೆನ್ನಿನದ್ದೋ ಮೊದಲು ನೋಡು. ಪೆನ್ನನ್ನು ಹಲಗೆಗೆ ತಾಗಿಸದೆ, ಅರ್ಧ ಸೆಂಟಿಮೀಟರ್ ಮೇಲೆ, ಒಂದು ಪುಸ್ತಕಕ್ಕೆ ಆನಿಸಿ ಹಿಡಿ. ಬಾಣದ ಗುರುತು ಆಗಲೂ ಕುಣಿದರೆ ನಿನ್ನ ಕೈ ತಪ್ಪಲ್ಲ. ಹಾಗೇ ಹಿಡಿದುಕೊಂಡು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡು.

ಕಾಳಿದಂಡೆ

ಸರ್, ಚಾರ್ಜರ್ ಕಿತ್ತ ತಕ್ಷಣ ನಿಂತಿತು. ಹಾಕಿದರೆ ಮತ್ತೆ ಕುಣಿತ. ಇನ್ನೊಂದು ವಿಷಯ ಈಗ ಹೊಳೆಯಿತು, ಆಫೀಸಿನಲ್ಲಿ ನಡುಕ ಇಲ್ಲ. ಮನೆಯಲ್ಲಿ ಮಾತ್ರ.

ಚಿರೆಕಲ್ಲು

ಇದನ್ನು ಮೊದಲೇ ಹೇಳಬಾರದಿತ್ತಾ 🙂 ಮನೆಯಲ್ಲಿ ಚಾರ್ಜರ್ ಯಾವ ಸಾಕೆಟ್‌ಗೆ ಹಾಕುತ್ತೀರಿ?

ಕಾಳಿದಂಡೆ

ಮಹಡಿ ಕೋಣೆಯ ಬೋರ್ಡಿನಲ್ಲಿ ಎರಡೇ ತೂತು. ಅದಕ್ಕೆ ಸಣ್ಣ ಕನ್ವರ್ಟರ್ ಸಿಕ್ಕಿಸಿದ್ದೇನೆ.

ಚಿರೆಕಲ್ಲು

ಅಲ್ಲೇ ಇದೆ ಕಳ್ಳ. ನಿಮ್ಮ ಪೆನ್ನಿಗೆ ಬ್ಯಾಟರಿ ಇಲ್ಲ ಅಲ್ವಾ? ಹಲಗೆಯೊಳಗಿನ ತಂತಿಬಲೆ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ, ಪೆನ್ನಿನ ಸುರುಳಿ ಅದರಿಂದಲೇ ಶಕ್ತಿ ತಗೊಂಡು ಸಣ್ಣ ಸಂಕೇತ ವಾಪಸ್ ಕೊಡುತ್ತದೆ. ಹಲಗೆ ಅದನ್ನು ಕೇಳಿ ಪೆನ್ ಎಲ್ಲಿದೆ ಅಂತ ಲೆಕ್ಕ ಹಾಕುತ್ತದೆ. ಚಾರ್ಜರ್ ಒಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತಿರುತ್ತದೆ. ಆ ಗದ್ದಲ ಅರ್ತ್ ತಂತಿಯಲ್ಲಿ ಹರಿದು ಹೋಗಬೇಕು. ನೀವು ಅರ್ತ್ ಪಿನ್ನನ್ನೇ ಬಿಟ್ಟಿದ್ದೀರಿ. ಗದ್ದಲ ಯುಎಸ್‌ಬಿ ಕೇಬಲ್ ಹಿಡಿದು ಹಲಗೆಗೆ ಬರುತ್ತದೆ. ಲ್ಯಾಪ್‌ಟಾಪ್‌ನ ಲೋಹದ ಅಂಚು ಸವರಿದರೆ ಬೆರಳು ಜುಮ್ಮೆನ್ನುತ್ತದಾ ನೋಡಿ.

ಕಾಳಿದಂಡೆ

ಜುಮ್ಮೆನ್ನುತ್ತದೆ! ಎಲ್ಲ ಲ್ಯಾಪ್‌ಟಾಪೂ ಹಾಗೇ ಅಂದುಕೊಂಡಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿಯ ಮೂರು ಪಿನ್ ಸಾಕೆಟ್‌ಗೆ ಹಾಕಿ ನೋಡಿದೆ. ಅಲ್ಲೂ ನಡುಗುತ್ತದಲ್ಲ?

ಹಳೇ ಡ್ರಾಫ್ಟ್ಸ್‌ಮನ್

ಮೂರು ತೂತು ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತ ಲೆಕ್ಕವಲ್ಲ. ಎಲೆಕ್ಟ್ರಿಷಿಯನ್ ಕರೆಸು. ನೀನೇ ಕೈ ಹಾಕಬೇಡ. ಮಿಕ್ಸಿ, ಫ್ರಿಜ್ಜು ಮುಟ್ಟುವವರೂ ಮನೆಯಲ್ಲಿದ್ದಾರೆ, ಟ್ಯಾಬ್ಲೆಟ್ ಆಮೇಲೆ.

ಕಾಳಿದಂಡೆ (ನಾಲ್ಕು ದಿನ ಬಿಟ್ಟು)

ಮಳೆ ಬಿಡುವು ಕೊಟ್ಟ ಮೇಲೆ ಎಲೆಕ್ಟ್ರಿಷಿಯನ್ ಬಂದರು. ಹಿತ್ತಲಿನ ಅರ್ತ್ ಗುಂಡಿ ತೆಗೆದರೆ, ಪೈಪಿಗೆ ತಂತಿ ಬಿಗಿದ ಕ್ಲ್ಯಾಂಪ್ ತುಕ್ಕು ಹಿಡಿದು ಕೈಗೇ ಉದುರಿ ಬಂತು. ನಮ್ಮ ಮನೆ ಕಡಲಿಗೆ ಅಷ್ಟು ಹತ್ತಿರ. ಉಪ್ಪುಗಾಳಿ ಕಿಟಕಿಯ ಸರಳನ್ನೇ ಬಿಡುವುದಿಲ್ಲ, ಇನ್ನು ಇದನ್ನು ಬಿಡುತ್ತದಾ? ಹೊಸ ಕ್ಲ್ಯಾಂಪ್ ಹಾಕಿ, ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಮಹಡಿಗೂ ಅರ್ತ್ ತಂತಿ ಎಳೆದು ಮೂರು ಪಿನ್ ಸಾಕೆಟ್ ಕೂರಿಸಿದರು. ನಡುಕ ಪೂರ್ತಿ ನಿಂತಿದೆ. ಅಮ್ಮನಿಗೆ ಫ್ರಿಜ್ಜಿನ ಬಾಗಿಲು ಚುರುಕ್ ಅನ್ನುತ್ತಿತ್ತಂತೆ, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಗುರುತು ಹಾಕಿದ ಪಿಡಿಎಫ್ ಸೈಟಿಗೆ ಕಳಿಸಿದರೆ ಮೇಸ್ತ್ರಿಯ ಮೊಬೈಲಿನಲ್ಲಿ ಕೆಂಪು ಗೆರೆ ಕಾಣುವುದೇ ಇಲ್ಲ. ನಮ್ಮ ಎ1 ಡ್ರಾಯಿಂಗನ್ನು ಅದಕ್ಕಿಂತ ಚಿಕ್ಕ ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿದರೆ ಕಾಣುತ್ತದೆ, ಆದರೆ ಕೂದಲೆಳೆಯಷ್ಟು ಸಪುರ.

ಚಿರೆಕಲ್ಲು

ನಿಮ್ಮ ಗುರುತು ಹಾಳೆಯ ಮೇಲೆ ತೇಲುವ ಬೇರೆ ಪದರ. ಕೆಲವು ರೀಡರ್ ಅದನ್ನು ತೋರಿಸುವುದಿಲ್ಲ. ಕಳಿಸುವ ಮೊದಲು ಫ್ಲ್ಯಾಟನ್ ಮಾಡಿ, ಅಂದರೆ ಆ ಪದರವನ್ನು ಹಾಳೆಯ ಜೊತೆ ಒಂದಾಗಿಸಿ. ಆ ಸೌಲಭ್ಯ ಇಲ್ಲದಿದ್ದರೆ ಪಿಡಿಎಫ್ ಅನ್ನೇ ಮತ್ತೆ ಪಿಡಿಎಫ್‌ಗೆ ಪ್ರಿಂಟ್ ಕೊಡಿ, ಆದರೆ ಹಾಳೆಯ ಅಳತೆ ಎ1 ಆಗಿಯೇ ಇರಲಿ. ಮೂಲ ಫೈಲ್ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ, ಫ್ಲ್ಯಾಟನ್ ಆದ ಮೇಲೆ ಗೆರೆ ಅಳಿಸಲು ಬರುವುದಿಲ್ಲ.

ಹಳೇ ಡ್ರಾಫ್ಟ್ಸ್‌ಮನ್

ದಪ್ಪದ ಲೆಕ್ಕ ನಾನು ಹೇಳುತ್ತೇನೆ. 1 ಪಾಯಿಂಟ್ ಅಂದರೆ ಸುಮಾರು 0.35 ಮಿಮೀ. ನಾವು ಟ್ರೇಸಿಂಗ್ ಪೇಪರ್ ಮೇಲೆ ಹಿಡಿಯುತ್ತಿದ್ದ 0.35 ಪೆನ್ನೇ ಅದು. ಎ1 ಹಾಳೆಯನ್ನು ಎ3ಗೆ ಇಳಿಸಿದರೆ ಎಲ್ಲ ಅಳತೆಯೂ ಅರ್ಧ. ಗೆರೆ 2 ಪಾಯಿಂಟ್ ಇಡು, ಎ3ಯಲ್ಲಿ 0.35 ಉಳಿಯುತ್ತದೆ. ಅಕ್ಷರ 5 ಮಿಮೀಗೆ ಕಡಿಮೆ ಬೇಡ. ಪರದೆಯಲ್ಲಿ ಹಿಗ್ಗಿಸಿಕೊಂಡು ಬರೆಯುವಾಗ ಎಲ್ಲವೂ ದೊಡ್ಡದಾಗೇ ಕಾಣುತ್ತದೆ, ಅದನ್ನು ನಂಬಬೇಡ. ಅಮೋನಿಯಾ ಆವಿಯಲ್ಲಿ ಡ್ರಾಯಿಂಗ್‌ನ ನಕಲು ತೆಗೆಯುತ್ತಿದ್ದ ಕಾಲದಲ್ಲಿ ಈ ಮೋಸ ಇರಲಿಲ್ಲ. ಮೂಗು ಮಾತ್ರ ಉರಿಯುತ್ತಿತ್ತು.

ಕಾಳಿದಂಡೆ

2 ಪಾಯಿಂಟ್ ಇಟ್ಟು, ಫ್ಲ್ಯಾಟನ್ ಮಾಡಿ ಕಳಿಸಿದೆ. ಮೇಸ್ತ್ರಿ ಫೋನ್ ಮಾಡಿ 150 ಅಂತಲೇ ಓದಿದರು.