ಪದಚರ್ಚೆ: ‘ಶುದ್ಧೀಕರಣ ಘಟಕ’ ಯಾವ ನೀರಿನದು?

ಒಳಚರಂಡಿಯ ನೀರನ್ನು ಹದಕ್ಕೆ ತರುವ ‘ಸೀವೇಜ್ ಟ್ರೀಟ್‌ಮೆಂಟ್ ಪ್ಲಾಂಟ್’ಗೆ (ಎಸ್‌ಟಿಪಿ) ಕನ್ನಡದಲ್ಲಿ ಏನೆನ್ನಬೇಕು ಎಂದು ಬುಧವಾರ ಇಲ್ಲಿ ಕೇಳಿದ್ದೆ. ಆ ಪದ ಇನ್ನೂ ಸಿಕ್ಕಿಲ್ಲ. ಸೋಮವಾರ ಬೆಳಿಗ್ಗೆ ಅಂಥದೊಂದರ ವಿರುದ್ಧ ತಕರಾರು ಅರ್ಜಿ ಸಲ್ಲಿಸಬೇಕು, ಬಡಾವಣೆಯ ತಿರುವಿನಲ್ಲಿ ಕಟ್ಟುವ ಬಟ್ಟೆಯ ಫಲಕವನ್ನೂ ಅಷ್ಟರೊಳಗೆ ಬರೆಸಬೇಕು. ಬಂದ ಒಂಬತ್ತು ಉತ್ತರಗಳಲ್ಲಿ ಆರು ಸಂಸ್ಕೃತ ಬೇಕೋ ಬೇಡವೋ ಎಂಬ ಜಗಳಕ್ಕೇ ಮುಗಿದಿವೆ.

ಶಿವಮೊಗ್ಗದ ಹೊರವಲಯದಲ್ಲಿ, ತುಂಗೆಯ ಕಡೆಗೆ ಇಳಿಯುವ ಜಾಗದಲ್ಲಿ ನಮ್ಮ ಮನೆಗಳಿವೆ. ಕೆಳಗಿನ ಬಯಲಿಗೆ ಒಳಚರಂಡಿಯ ನೀರನ್ನು ತಂದು ಸೇರಿಸುವ ಯೋಜನೆ ಬಂದಿದೆ. ಪ್ರಕಟಣೆಯಲ್ಲಿ ಅದರ ಹೆಸರು ‘ನೀರು ಶುದ್ಧೀಕರಣ ಘಟಕ’. ಬೀದಿಯ ಅರ್ಧ ಜನ ಅದನ್ನು ಕುಡಿಯುವ ನೀರಿನದೆಂದೇ ಓದಿದರು. ಬೇರೆ ಹೇಗೆ ಓದಿಯಾರು? ಊರೂರಿನಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಕೋಣೆಯ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂದೇ ಬರೆದಿರುತ್ತದೆ. ಬೇಸಿಗೆಯ ಚಿಂತೆ ತಪ್ಪಿತು ಎಂದು ಪಕ್ಕದ ಮನೆಯ ಅಜ್ಜಿ ನನ್ನ ಬಳಿ ಸಂತೋಷಪಟ್ಟರು. ಆಕ್ಷೇಪಣೆಗೆ ಕೊಟ್ಟ ಅವಧಿಯಲ್ಲಿ ಒಂದು ವಾರ ಹೀಗೆ ಹೋಯಿತು.

ಆದ್ದರಿಂದ ‘ಶುದ್ಧೀಕರಣ’ವನ್ನು ನಾನು ಬರೆಯುವುದಿಲ್ಲ. ‘ಪತ್ರಿಕೆಗಳೆಲ್ಲ ಬಳಸುತ್ತವೆ’ ಎಂಬ ಸಮರ್ಥನೆ ಸಾಲದು. ಅಲ್ಲಿಂದ ಹೊರಬರುವ ನೀರು ಶುದ್ಧವಾಗಿರುವುದಿಲ್ಲ, ಕಾನೂನೂ ಅದನ್ನು ಕೇಳುವುದಿಲ್ಲ. ಮಹಾನಗರಗಳಲ್ಲದ ಊರುಗಳಿಗೆ ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಲೀಟರಿಗೆ 30 ಮಿಲಿಗ್ರಾಂ ಬಿಒಡಿಯವರೆಗೆ ಅವಕಾಶ ಕೊಟ್ಟಿತು. ನೀರಿನಲ್ಲಿ ಉಳಿದ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕವೇ ಬಿಒಡಿ. ಎಲ್ಲ ಯಂತ್ರಗಳೂ ಸರಿಯಾಗಿ ನಡೆದ ದಿನವೂ ಒಂದಿಷ್ಟು ಕೊಳೆ ತುಂಗೆಗೆ ಇಳಿದು ಕೂಡಲಿಯ ಕಡೆಗೆ ಹೋಗುತ್ತದೆ. ಇದಕ್ಕೆ ‘ಶುದ್ಧ’ ಎನ್ನುವುದು ಸುಳ್ಳು.

‘ಸಂಸ್ಕರಣೆ’ಯನ್ನು ಸಂಸ್ಕೃತವೆಂದು ತಳ್ಳಿದವರು ಮಲೆನಾಡಿನ ಒಂದು ಅಡಿಕೆ ಮನೆಗೆ ಬಂದು ನೋಡಲಿ. ಸುಲಿಯುವುದು, ಬೇಯಿಸುವುದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕುವುದು, ಒಣಗಿಸುವುದು ಸೇರಿ ಇಲ್ಲಿ ಅಡಿಕೆ ಸಂಸ್ಕರಣೆ. ಒಂದು ವಸ್ತುವನ್ನು ಹಂತಹಂತವಾಗಿ ಬೇರೆ ಸ್ಥಿತಿಗೆ ತರುವುದು ಎಂಬ ಅರ್ಥ ತೋಟದ ಆಳಿಗೂ ಗೊತ್ತು. ಗೊತ್ತಿರುವ ಪದವನ್ನು ಅದರ ಹುಟ್ಟೂರು ನೋಡಿ ಹೊರಗಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಅದರ ಬದಲು ಬಂದ ಸಲಹೆ ‘ಗಲೀಜುನೀರು ತಿಳಿಗೊಳಿಕೆ’. ಅಚ್ಚಗನ್ನಡವಂತೆ. ಗಲೀಜು ಅರಬ್ಬಿ ಮೂಲದ್ದು. ಕಕ್ಕಸು ಡಚ್ಚರದ್ದು. ಎರಡನ್ನೂ ನಾನು ದಿನವೂ ಬಳಸುತ್ತೇನೆ, ತಕರಾರಿಲ್ಲ. ಆದರೆ ಸಂಸ್ಕೃತವನ್ನು ಬಾಗಿಲಲ್ಲಿ ತಡೆದವರು ಅರಬ್ಬಿಯನ್ನು ತವರಿನವಳೆಂದು ಒಳಗೆ ಕೂರಿಸಬಾರದು. ‘ತಿಳಿ’ ನನಗೂ ಇಷ್ಟದ ಪದ. ತಿಳಿನೀರು, ತಿಳಿಸಾರು: ಎರಡರಲ್ಲೂ ಮಂದವಾದದ್ದು ಕೆಳಗೆ ಕುಳಿತು ಮೇಲೆ ನಿಂತದ್ದು ತಿಳಿ. ಇಲ್ಲಿ ಅದು ಮೊದಲ ಹಂತ ಮಾತ್ರ. ಆಮೇಲೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಗೆ ಕೊಳೆಯನ್ನು ತಿನ್ನಿಸುತ್ತಾರೆ. ನಮ್ಮ ಭಯ ಇರುವುದು ಆ ಹಂತದಲ್ಲಿಯೇ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ವಿದ್ಯುತ್ ಇಲ್ಲದಿದ್ದರೆ, ಜನರೇಟರಿಗೆ ಡೀಸೆಲ್ ತರುವವರಿಲ್ಲದಿದ್ದರೆ ಗಾಳಿ ನಿಲ್ಲುತ್ತದೆ. ಗಾಳಿಯಿಲ್ಲದೆ ಕೊಳೆತದ್ದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಮೊಟ್ಟೆ ಕೊಳೆತ ವಾಸನೆ ಮನೆಯೊಳಗೆ ಬರುತ್ತದೆ. ಅದೇ ಮಳೆಯ ನೀರು ಒಳಚರಂಡಿಗೆ ನುಗ್ಗಿ ತೊಟ್ಟಿ ಉಕ್ಕಿದರೆ ಪಕ್ಕದಲ್ಲಿ ನಮ್ಮ ತೆರೆದ ಬಾವಿಗಳಿವೆ. ಜಂಬಿಟ್ಟಿಗೆ ನೆಲ ನೀರನ್ನು ಹಿಡಿದಿಡುವುದಿಲ್ಲ. ‘ತಿಳಿಗೊಳಿಕೆ’ಯಲ್ಲಿ ಇದಾವುದೂ ಕಾಣುವುದಿಲ್ಲ.

ನಾನು ಹಟ ಹಿಡಿಯುವ ಪದ ಒಂದೇ: ಕೊಳೆ. ‘ಕೊಳಚೆ’ ಕೊಳದಿಂದ ಬಂತು, ನಿಂತ ನೀರು ಎಂದೇ ಅದರ ಅರ್ಥ ಎಂದು ಒಬ್ಬ ಹಿರಿಯರು ಎರಡು ಪುಟ ಬರೆದಿದ್ದಾರೆ. ಇರಬಹುದು, ಆದರೆ ನನಗೆ ಬೇಕಾದದ್ದು ಕೊಳಚೆಯಲ್ಲ, ಕೊಳೆ. ಕೊಳೆಯುವುದು ಕ್ರಿಯೆ, ಕೊಳೆ ಅದರ ಫಲ. ಬಟ್ಟೆಯಲ್ಲಿ ಕೊಳೆ, ಗೊಬ್ಬರದ ಗುಂಡಿಯಲ್ಲಿ ಕೊಳೆತ ಸೊಪ್ಪು, ತೋಟದಲ್ಲಿ ಕೊಳೆರೋಗ. ಈ ಕೊನೆಯದನ್ನು ನೋಡಿ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ರೋಗವನ್ನು ಕುರಿತು ಬರೆದಾಗ ರೈತರು ಕರೆದ ಹೆಸರನ್ನೇ ಇಂಗ್ಲಿಷಿನಲ್ಲಿ ಉಳಿಸಿದರು. ಇಂದಿಗೂ ಸಸ್ಯರೋಗದ ಬರಹಗಳಲ್ಲಿ ಅದು ‘ಕೊಳೆರೋಗ’ವೇ. ಪರದೇಶದವರು ಎರವಲು ಪಡೆದ ಪದವನ್ನು ನಮ್ಮ ಕಚೇರಿಗಳು ‘ತ್ಯಾಜ್ಯ’, ‘ಮಲಿನ’ಗಳ ಹಿಂದೆ ಅಡಗಿಸುತ್ತವೆ. ತ್ಯಾಜ್ಯವೆಂದರೆ ಬಿಟ್ಟದ್ದು, ಅಷ್ಟೆ, ಅದಕ್ಕೆ ವಾಸನೆಯಿಲ್ಲ. ಎಸ್‌ಟಿಪಿ ಎಂದು ಬರೆದುಬಿಡಿ ಎಂದವರಿಗೂ ಇದೇ ಉತ್ತರ. ಆ ಅಜ್ಜಿ ಆ ಮೂರು ಅಕ್ಷರಗಳಲ್ಲಿ ಏನನ್ನು ಓದಬೇಕು?

ಇನ್ನು ‘ಘಟಕ’. ಅದೂ ಆ ಕ್ಯಾನು ತುಂಬುವ ಕೋಣೆಯನ್ನೇ ನೆನಪಿಸುತ್ತದೆ. ಬರುತ್ತಿರುವುದು ಎಕರೆಗಟ್ಟಲೆ ತೊಟ್ಟಿಗಳು. ಕೈಗಾದ್ದು ಅಣು ವಿದ್ಯುತ್ ಸ್ಥಾವರವಾದರೆ ಇದೂ ಸ್ಥಾವರವೇ. ಗಾತ್ರ ಹೆಸರಿನಲ್ಲಿಯೇ ಕಾಣಲಿ.

ಹಾಗಾಗಿ ಅರ್ಜಿಯಲ್ಲಿ ‘ಒಳಚರಂಡಿ ಕೊಳೆನೀರು ಸಂಸ್ಕರಣಾ ಸ್ಥಾವರ’ ಎಂದು ಬರೆದಿದ್ದೇನೆ. ಫಲಕದಲ್ಲಿ ‘ಊರಿನ ಕೊಳೆನೀರು ನಮ್ಮ ಬಾವಿಯ ಪಕ್ಕಕ್ಕೆ ಬೇಡ’. ಇದರಲ್ಲಿ ವ್ಯಾಕರಣದ ತಪ್ಪಿದ್ದರೆ ಮಾತ್ರ ತಿಳಿಸಿ.

ಒಂದು ಪದ ಮಾತ್ರ ಉಳಿದಿದೆ. ತೊಟ್ಟಿಯ ತಳದಲ್ಲಿ ಕುಳಿತದ್ದನ್ನು ತೆಗೆದು ಒಣಗಿಸಿ ಲಾರಿಯಲ್ಲಿ ಸಾಗಿಸುತ್ತಾರಲ್ಲ, ಅದಕ್ಕೆ ಯೋಜನೆಯ ವರದಿಯಲ್ಲಿ ‘ಕೆಸರು’ ಎಂದಿದೆ. ನಮ್ಮಲ್ಲಿ ಕೆಸರೆಂದರೆ ಗದ್ದೆ. ನಟ್ಟಿಯ ದಿನ ಮಕ್ಕಳು ಕುಣಿಯುವ ಜಾಗ ಅದು. ಅದೇ ಹೆಸರನ್ನು ಇದಕ್ಕೆ ಕೊಡಲು ನನಗೆ ಕೈ ಬರುತ್ತಿಲ್ಲ. ‘ಗಸಿ’ ಎಂದು ಯೋಚಿಸಿದ್ದೇನೆ, ಎಣ್ಣೆಯ ಗಸಿಯ ಹಾಗೆ. ಆದರೆ ಗಸಿಯನ್ನು ಅಡುಗೆಮನೆಯ ಆಚೆ ಬಳಸಿದ್ದನ್ನು ನಾನು ಕೇಳಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ದಯವಿಟ್ಟು ಹೇಳಿ: ಬಚ್ಚಲ ಗುಂಡಿಯ ತಳ ಬಳಿದಾಗ ಬರುವುದನ್ನು ನಿಮ್ಮ ಮನೆಗಳಲ್ಲಿ ಏನೆಂದು ಕರೆಯುತ್ತಾರೆ? ಭಾನುವಾರ ರಾತ್ರಿಯೊಳಗೆ ಬೇಕು.