ಕೆಮ್ತಿರೋ ನಾಯಿಗಳನ್ನ ಸದ್ಯಕ್ಕೆ ಪಾರ್ಕಿಗೆ ತರಬೇಡಿ ಪ್ಲೀಸ್

ಮನೆ 12: ಎಲ್ರಿಗೂ ನಮಸ್ಕಾರ. ನಮ್ಮ ಚಿನ್ನು ಮೂರು ದಿನದಿಂದ ಕೆಮ್ತಾ ಇದಾನೆ, ಗಂಟಲಲ್ಲಿ ಏನೋ ಸಿಕ್ಕಾಕೊಂಡಿದೆ ಅಂತ ಬಾಯಿ ಬಿಡಿಸಿ ಟಾರ್ಚ್ ಹಾಕಿ ನೋಡಿದ್ವಿ, ಏನೂ ಇಲ್ಲ. ಬಾತುಕೋಳಿ ಕೂಗ್ದಂಗೆ ಒಣಕೆಮ್ಮು, ಕೊನೇಲಿ ಓಕರಿಸಿ ಬಿಳಿ ನೊರೆ ಕಕ್ತಾನೆ. ಡಾಕ್ಟ್ರು ಕೆನಲ್ ಕಾಫ್ ಅಂದ್ರು, ನಾಯಿಯಿಂದ ನಾಯಿಗೆ ಅಂಟೋ ಕೆಮ್ಮು. ಇನ್ನೂ ಯಾರ ಮನೇಲಿದೆ, ಮುಚ್ಚಿಡದೆ ಇಲ್ಲಿ ಹಾಕಿ.

ಮನೆ 31: ನಮ್ಮ ರಾಣಿಗೂ ಶುರುವಾಗಿದೆ 😟 ಪಾರ್ಕಲ್ಲಿರೋ ನೀರಿನ ಬಟ್ಟಲಿಂದಾನೇ ಅಂತ ನನ್ನ ಡೌಟು, ಎಲ್ಲಾ ನಾಯಿಗಳೂ ಅದಕ್ಕೇ ಬಾಯಿ ಹಾಕ್ತವೆ.

ಮನೆ 18: ನಮ್ದೂ, ನಿನ್ನೆ ರಾತ್ರಿಯಿಂದ.

ಮನೆ 7: ನಮ್ಮವನಿಗೆ ಹೋದ ತಿಂಗಳೇ ವ್ಯಾಕ್ಸಿನ್ ಆಗಿದೆ. ಯಾರದ್ದೋ ನಾಯಿ ಕೆಮ್ಮಿದ್ರೆ ನಾವ್ಯಾಕೆ ಪಾರ್ಕ್ ಬಿಡ್ಬೇಕು?

ಮನೆ 22: ಸರ್, ಪಾರ್ಕ್ ಬಿಡಿ ಅಂತ ನಿಮಗೆ ಯಾರೂ ಹೇಳ್ಲಿಲ್ಲ, ಕೆಮ್ಮಿರೋರಿಗೆ ಹೇಳ್ತಿರೋದು. ಆದ್ರೆ ವ್ಯಾಕ್ಸಿನ್ ಆಗಿದೆ ಅಂತ ಬರೋದೇ ಇಲ್ಲ ಅಂತಲ್ಲ, ಇದು ಒಂದೇ ರೋಗಾಣು ಅಲ್ಲ, ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದೆ, ಪ್ಯಾರಾಇನ್ಫ್ಲುಯೆಂಜಾ, ಅಡಿನೋ ವೈರಸ್ಸು ಇವೆ, ಒಂದೊಂದ್ಸಲ ಎರಡ್ಮೂರು ಒಟ್ಟಿಗೇ ಸೇರ್ಕೊಂಡಿರ್ತವೆ. ವ್ಯಾಕ್ಸಿನ್ ಇದ್ರೆ ಸಾಮಾನ್ಯವಾಗಿ ಅಷ್ಟು ಜೋರಾಗಲ್ಲ, ಅಷ್ಟೇ. ಇನ್ನೊಂದು, ಅಂಟಿದ ಮೇಲೆ ಕೆಮ್ಮು ಕಾಣ್ಸೋಕೆ 2ರಿಂದ 14 ದಿನ ಹಿಡಿಯುತ್ತೆ, ಹಂಗಾಗಿ ಇವತ್ತು ಚೆನ್ನಾಗಿದಾನೆ ಅಂದ್ರೆ ನಾಳೆ ಗ್ಯಾರಂಟಿ ಇಲ್ಲ.

ಮನೆ 18: ಆಂಟಿ, ನಮ್ಮ ಮಗುಗೆ ಕೊಡೋ ಕೆಮ್ಮಿನ ಸಿರಪ್ ಇದೆ, ಅರ್ಧ ಚಮಚ ಹಾಕ್ಲಾ?

ಮನೆ 22: ಅಯ್ಯೋ ಬೇಡಮ್ಮ!! ಆ ಸಿರಪ್‌ಗಳಲ್ಲಿ ಕೆಲವಕ್ಕೆ ಪ್ಯಾರಾಸಿಟಮಾಲ್ ಸೇರ್ಸಿರ್ತಾರೆ, ಸಕ್ಕರೆ ಬದಲು ಜೈಲಿಟಾಲ್ ಇರುತ್ತೆ, ಎರಡೂ ನಾಯಿಗೆ ವಿಷ. ನೋವಿಗೆ ನಾವು ತಗೊಳ್ಳೋ ಐಬುಪ್ರೊಫೆನ್ನೂ ಅಷ್ಟೇ. ಹಳೇ ಆಂಟಿಬಯಾಟಿಕ್ ಉಳಿದಿದೆ ಅಂತಾನೂ ಹಾಕ್ಬೇಡಿ, ಚೆನ್ನಾಗಿ ತಿಂದ್ಕೊಂಡು ಆಡ್ಕೊಂಡಿರೋ ನಾಯಿಗೆ ಸುಮಾರು ಸಲ ಅದು ಬೇಕಾಗೋದೇ ಇಲ್ಲ, ಒಂದರಿಂದ ಮೂರು ವಾರದಲ್ಲಿ ತಾನೇ ಹೋಗುತ್ತೆ. ನಮ್ಮ ನಾಯಿಗೆ ಬಂದಾಗ ನಾನು ಮಾಡಿದ್ದು ಇಷ್ಟು. ಕೊರಳಪಟ್ಟಿ ತೆಗೆದು ಎದೆಗೆ ಹಾಕೋ ಹಾರ್ನೆಸ್ ಹಾಕ್ದೆ, ಪಟ್ಟಿ ಎಳೆದಾಗೆಲ್ಲ ಗಂಟಲು ಒತ್ತಿ ಕೆಮ್ಮು ಕೆದಕ್ತಿತ್ತು, ಅದೊಂದರಿಂದಾನೇ ಅರ್ಧ ಕಮ್ಮಿ ಆಯ್ತು ನೋಡಿ. ಬಾತ್ರೂಮಲ್ಲಿ ಬಿಸಿನೀರು ಬಿಟ್ಟು ಬಾಗ್ಲು ಹಾಕಿ ಹಬೇಲಿ 10–15 ನಿಮಿಷ ಜೊತೇಲೇ ಕೂತ್ಕೊಳ್ತಿದ್ದೆ, ನೀಲಗಿರಿ ಎಣ್ಣೆ ಗಿಣ್ಣೆ ಏನೂ ಹಾಕ್ದೆ. ಊಟ ಮೆತ್ತಗೆ ಮಾಡಿ ಕೊಡಿ, ನೀರು ಜಾಸ್ತಿ ಕುಡಿಸಿ, ಓಡ್ಸೋದು ಬೊಗಳ್ಸೋದು ಬೇಡ, ಮನೇಲಿ ಹೊಗೆ ಬೇಡ. ದೊಡ್ಡ ನಾಯಿಗೆ ಸ್ವಲ್ಪ ಜೇನುತುಪ್ಪ ನೆಕ್ಕಿಸಬಹುದು, ಮರಿಗಳಿಗೆ ಬೇಡ, ಶುಗರ್ ಇರೋ ನಾಯಿಗೂ ಬೇಡ.

ಮನೆ 31: ಯಾವಾಗ ಗಾಬರಿ ಆಗ್ಬೇಕು ಹೇಳಿ ಅಕ್ಕ, ರಾಣಿಗೆ 11 ವರ್ಷ.

ಮನೆ 22: ಅಷ್ಟು ವಯಸ್ಸಾಗಿದ್ರೆ ಕಾಯ್ಬೇಡಿ, ಇವತ್ತೇ ತೋರ್ಸಿ. ವಯಸ್ಸಾದ ನಾಯಿಗೆ ಹಾರ್ಟ್ ಪ್ರಾಬ್ಲಮ್ಮಿಗೂ ಕೆಮ್ಮು ಬರುತ್ತೆ. ಮರಿಗಳನ್ನ, ಪಗ್ ಥರ ಚಪ್ಪಟೆ ಮೂತಿಯವನ್ನೂ ಕಾಯದೆ ತೋರ್ಸಿ. ಬೇರೆಯವ್ರು, ಊಟ ಬಿಟ್ರೆ, ಸುಮ್ನೆ ಬಿದ್ಕೊಂಡ್ರೆ, ಮೂಗಿಂದ ಹಳದಿ ಹಸಿರು ಸಿಂಬಳ ಬಂದ್ರೆ, ಜ್ವರ 103 ಡಿಗ್ರಿ ದಾಟಿದ್ರೆ ಹೊರಡಿ. ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ, 40 ದಾಟಿದ್ರೆ ಅಥವಾ ವಸಡು ನೀಲಿ ಆದ್ರೆ ಅರ್ಧ ರಾತ್ರಿ ಆದ್ರೂ ಸರಿ ಕರ್ಕೊಂಡ್ ಹೋಗಿ. ಡಿಸ್ಟೆಂಪರ್ ಅಂತ ನಾಯಿಗಳ ಪ್ರಾಣಕ್ಕೇ ಕುತ್ತು ತರೋ ವೈರಸ್ ಕಾಯಿಲೆ ಇದೆ, ಅದೂ ಮೊದಮೊದಲು ಹಿಂಗೇ ಕಾಣುತ್ತೆ. ಹೋಗೋ ಮುಂಚೆ ಫೋನ್ ಮಾಡಿ, ಕಾಯೋ ಜಾಗದಲ್ಲಿ ಬೇರೆ ನಾಯಿಗಳಿರ್ತವೆ.

ಮನೆ 5: ನಮ್ಮನೇಲಿ ಬೆಕ್ಕಿದೆ, ಅದಕ್ಕೂ ಬರುತ್ತಾ? ಮಕ್ಕಳಿಗೆ?

ಮನೆ 22: ಬೋರ್ಡೆಟೆಲ್ಲಾ ಬೆಕ್ಕಿಗೆ ಬರಬಹುದು. ಮನುಷ್ಯರಿಗೆ ತುಂಬಾ ಅಪರೂಪ, ರೋಗನಿರೋಧಕ ಶಕ್ತಿ ತೀರಾ ಕಮ್ಮಿ ಇರೋರು ಮಾತ್ರ ಸ್ವಲ್ಪ ದೂರ ಇರ್ಲಿ.

ಮನೆ 12: ಸರಿ, ಹಿಂಗ್ ಮಾಡೋಣ. ಕೆಮ್ತಿರೋ ನಾಯಿಗಳು ಅವರವರ ಮನೆ ಮುಂದೇನೇ ಓಡಾಡ್ಲಿ, ಕೆಮ್ಮು ಪೂರ್ತಿ ನಿಂತು ಎರಡು ವಾರ ಆಗೋವರೆಗೂ ಪಾರ್ಕ್ ಬೇಡ. ನಿಂತ ಮೇಲೂ ರೋಗಾಣು ವಾರಗಟ್ಲೆ ಹೊರಗೆ ಬರ್ತಾನೇ ಇರುತ್ತಂತೆ. ಬಟ್ಟಲು ತೆಗೀಲಾ?

ಮನೆ 40: ತೆಗೆದ್ರೆ ಬೀದಿನಾಯಿಗಳು ಎಲ್ಲಿ ಕುಡೀಬೇಕು? ಗೇಟ್ ಹೊರಗಿಡಿ, ದಿನಾ ಬೆಳಗ್ಗೆ ಬ್ಲೀಚ್ ನೀರಲ್ಲಿ ಉಜ್ಜಿ ಚೆನ್ನಾಗಿ ತೊಳೆದು ನಾನೇ ತುಂಬಿಸ್ತೀನಿ. ಸಾಕಿರೋ ನಾಯಿಗಳಿಗೆ ಮನೆಯಿಂದ ತನ್ನಿ.

ಮನೆ 7: ನಮ್ಮವನೂ ಈಗ ಎರಡ್ಸಲ ಕೆಮ್ಮಿದ 😐

ಮನೆ 22: ಹಾರ್ನೆಸ್ ಇದೆಯಾ ಸರ್? ನಮ್ಮನೇಲಿ ಒಂದು ಎಕ್ಸ್ಟ್ರಾ ಇದೆ, ತೊಳೆದು ಗೇಟಿಗೆ ಸಿಗಿಸಿರ್ತೀನಿ.