ಹಳೇ ಡೀಸೆಲ್ ಗಾಡಿ ಕೂಲಂಟ್ ಕುಡಿಯುತ್ತಿದೆ, ಕೆಳಗೆ ಹನಿ ಮಾತ್ರ ಇಲ್ಲ: ಅನುಭವ ಇದ್ದವರು ಹೇಳಿ

ಹಾಸನದ ಕ್ವಾಲಿಸ್: ನಮ್ಮದು 2004ರ ಡೀಸೆಲ್ ಕ್ವಾಲಿಸ್. ಅಪ್ಪ ತೆಗೆದುಕೊಂಡ ಗಾಡಿ, ಮಾರುವ ಮನಸ್ಸಿಲ್ಲ. ವಾರಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಕೂಲಂಟ್ ಕಡಿಮೆ ಆಗುತ್ತಿದೆ. ನಿಲ್ಲಿಸಿದ ಜಾಗ ಒಣಗಿಯೇ ಇರುತ್ತದೆ. ಊರೊಳಗೆ ಟೆಂಪರೇಚರ್ ಮುಳ್ಳು ಅರ್ಧಕ್ಕೆ ನಿಲ್ಲುತ್ತದೆ, ಶಿರಾಡಿ ಘಾಟಿ ಹತ್ತುವಾಗ ಮೇಲೇರುತ್ತದೆ. ಒಬ್ಬ ಮೆಕ್ಯಾನಿಕ್ ರೇಡಿಯೇಟರ್ ಅಂತಾರೆ, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪದರ) ಅಂತಾರೆ. ಎಲ್ಲಿಂದ ಶುರು ಮಾಡಲಿ?

ಸಕಲೇಶಪುರ ಬೊಲೆರೊ: ರೇಡಿಯೇಟರ್ ಬದಲಾಯಿಸಿ ಅಂದವರ ಮಾತು ಕೇಳಲೇಬೇಡಿ. ನನ್ನ ಬೊಲೆರೊಗೂ ಹೀಗೇ ಹೇಳಿದ್ದರು. ಹೊಸ ರೇಡಿಯೇಟರ್ 8,600. ಮೇಲಿನ ಹೋಸ್, ಕೆಳಗಿನ ಹೋಸ್, ಕ್ಲಿಪ್ ಸೇರಿ 1,450. ಕೂಲಂಟ್ 1,100. ಲೇಬರ್ 1,800. ಇಷ್ಟು ಕೊಟ್ಟು ಮನೆಗೆ ಬಂದರೆ ಮಾರನೇ ವಾರ ಕೂಲಂಟ್ ಬಾಟಲಿ ಮತ್ತೆ ಖಾಲಿ. ಗ್ಯಾರೇಜಿನವರು "ಗಾಳಿ ಹೊರಗೆ ಹೋಗಿ ಲೆವೆಲ್ ಇಳಿದಿದೆ" ಅಂದರು.

ಕೊನೆಗೆ ಸಿಕ್ಕಿದ್ದು ವಾಟರ್ ಪಂಪ್‌ನಲ್ಲಿ. ಪಂಪ್ ಬಾಡಿಯ ಕೆಳಗೆ ಸಣ್ಣ ತೂತು ಇರುತ್ತದಲ್ವಾ, ಒಳಗಿನ ಸೀಲ್ ಹೋದರೆ ಕೂಲಂಟ್ ಅಲ್ಲಿಂದ ಜಿನುಗುತ್ತದೆ. ನೆಲಕ್ಕೆ ಯಾಕೆ ಬೀಳಲಿಲ್ಲ ಅಂದರೆ, ಜಿನುಗಿದ್ದನ್ನು ಫ್ಯಾನ್ ಗಾಳಿ ಇಂಜಿನ್ ಮೇಲೆ ಎರಚುತ್ತಿತ್ತು, ಬಿಸಿಗೆ ಅಲ್ಲೇ ಒಣಗುತ್ತಿತ್ತು. ಟಾರ್ಚ್ ಹಾಕಿ ನೋಡಿದರೆ ತೂತಿನಿಂದ ಕೆಳಕ್ಕೆ ಹಸಿರು ಗೆರೆ, ಅದರ ಅಂಚಲ್ಲಿ ಬಿಳಿ ಪುಡಿ. ಇಂಜಿನ್ ಬಂದ್ ಮಾಡಿ ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಬೇರಿಂಗ್ ಆಟ ಕೈಗೇ ಗೊತ್ತಾಗುತ್ತಿತ್ತು. ಪಂಪ್ 2,350, ಗ್ಯಾಸ್ಕೆಟ್ 60, ಬೆಲ್ಟ್ 480. ಅಷ್ಟೇ ಕೆಲಸ. ಮೊದಲು ಕೊಟ್ಟ 12,950 ರೂಪಾಯಿ ಸುಮ್ನೆ ಹೋಯಿತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹುಬ್ಬಳ್ಳಿ ಸುಮೋ: ಅಷ್ಟೆಲ್ಲಾ ಖರ್ಚು ಬೇಕಾಗೇ ಇಲ್ಲ ರೀ. ಕಿತ್ತೂರು ಹತ್ತಿರ ರಾತ್ರಿ ನನ್ನ ಸುಮೋ ರೇಡಿಯೇಟರ್ ಸೋರಿತು. ಮನೆಯವರು, ಮಕ್ಕಳು ಗಾಡಿಯಲ್ಲೇ ಇದ್ದರು. ಢಾಬಾದಿಂದ ಎರಡು ಚಮಚ ಅರಿಶಿನ ಪುಡಿ ತಂದು, ಇಂಜಿನ್ ಆರಿದ ಮೇಲೆ ಹಾಕಿ ನೀರು ತುಂಬಿದೆ. ನಿಂತಿತು. ಆಮೇಲೆ ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಬೆಳಗಾವಿಗೆ ಲೋಡ್ ಹಾಕಿಕೊಂಡೂ ಹೋಗಿದ್ದೇನೆ. ಹತ್ತು ರೂಪಾಯಿ ಕೆಲಸಕ್ಕೆ ಹದಿಮೂರು ಸಾವಿರ ಯಾಕೆ?

ತುಮಕೂರು ರೇಡಿಯೇಟರ್ ಕೆಲಸ: ದಯವಿಟ್ಟು ಈ ಅರಿಶಿನದ ಮಾತು ಹರಡಬೇಡಿ. ನಾನು ದಿನಾ ರೇಡಿಯೇಟರ್ ಬಿಚ್ಚುವವನು. ಪುಡಿ ತೂತು ಹುಡುಕಿಕೊಂಡು ಹೋಗಿ ಅಲ್ಲಿ ಮಾತ್ರ ಕೂರುವುದಿಲ್ಲ. ನೀರು ನಿಧಾನ ಹರಿಯುವ ಕಡೆಯೆಲ್ಲಾ ಕೂರುತ್ತದೆ. ಟ್ಯಾಂಕ್ ಬಿಚ್ಚಿದರೆ ಸಣ್ಣ ಟ್ಯೂಬುಗಳ ಬಾಯಲ್ಲಿ ಹಳದಿ ಕೆಸರು ಮೆತ್ತಿಕೊಂಡಿರುತ್ತದೆ. ಹಳೇ ತಾಮ್ರದ ಕೋರ್ (ಆ ಟ್ಯೂಬುಗಳ ಜಾಲ) ಆದರೆ ಕಂಬಿ ಹಾಕಿ ಹೊಡೆದು ತೆಗೆಯಬಹುದು. ಈಗಿನ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಆದರೆ ಎಸೆಯುವುದೇ. ಜೊತೆಗೆ ಬೋರ್‌ವೆಲ್ ನೀರು ಹಾಕಿದ್ದರೆ ಸುಣ್ಣ ಬೇರೆ ಕಟ್ಟಿರುತ್ತದೆ.

ಹುಬ್ಬಳ್ಳಿ ಸುಮೋ: ರಾತ್ರಿ ಹನ್ನೊಂದಕ್ಕೆ ಹೈವೇಯಲ್ಲಿ ನಿಮ್ಮ ಅಂಗಡಿ ತೆಗೆದಿರುತ್ತದಾ? ಮನೆ ಮುಟ್ಟಿದೆವಲ್ಲ, ನನಗೆ ಅದು ದೊಡ್ಡದು.

ತುಮಕೂರು ರೇಡಿಯೇಟರ್ ಕೆಲಸ: ಮನೆ ಮುಟ್ಟಲು ಹಾಕಿದ್ದಕ್ಕೆ ನನ್ನ ತಕರಾರಿಲ್ಲ ಅಣ್ಣ. ಮಳೆಗಾಲ ಪೂರ್ತಿ ಓಡಿಸಿದೆ ಅಂತ ಹೆಮ್ಮೆಯಿಂದ ಹೇಳುತ್ತೀರಲ್ಲ, ಅದಕ್ಕೆ ತಕರಾರು.

ಎಂಹಾಕ್ 2010: ಹನಿ ಇಲ್ಲ ಅಂದರೆ ಹೊರಗೇ ಹುಡುಕುತ್ತಾ ಕೂರಬೇಡಿ. ನನ್ನ ಸ್ಕಾರ್ಪಿಯೊದಲ್ಲಿ ಇಜಿಆರ್ ಕೂಲರ್ (ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ಕೂಲಂಟ್‌ನಿಂದ ತಣಿಸುವ ಭಾಗ) ಒಳಗೇ ಬಿರುಕು ಬಿಟ್ಟಿತ್ತು. ಕೂಲಂಟ್ ಹೊಗೆ ದಾರಿಗೆ ಸೇರಿ ಸೈಲೆನ್ಸರ್‌ನಿಂದ ಹೋಗುತ್ತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಸಿಹಿ ವಾಸನೆ. ಅದಕ್ಕಿಂತ ಮೊದಲು ಗಾಡಿಯೊಳಗಿನ ಹೀಟರ್‌ನ ಕೋರ್ ಸೋರುತ್ತಿದೆ ಅಂತ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿದರು. ಲೇಬರ್ 6,000. ಕಾಲಡಿ ಮ್ಯಾಟ್ ಒದ್ದೆ ಇತ್ತು, ನಿಜ. ಆದರೆ ಅದು ಎಸಿ ನೀರು! ಎಸಿ ನೀರು ಕೈಗೆ ಅಂಟುವುದಿಲ್ಲ, ಕೂಲಂಟ್ ಅಂಟುತ್ತದೆ. ಮುಟ್ಟಿ ನೋಡಿದ್ದರೆ ಸಾಕಿತ್ತು. ಡ್ಯಾಶ್‌ಬೋರ್ಡ್ ಅವತ್ತಿನಿಂದ ಕಿರ್ ಕಿರ್ ಅನ್ನುತ್ತಿದೆ. ಕೂಲರ್ 11,200, ಲೇಬರ್ 3,500.

ಸಕಲೇಶಪುರ ಬೊಲೆರೊ: ಅವರದು ಕ್ವಾಲಿಸ್ ಸರ್, ನಿಮ್ಮ ಹೊಸ ಥರದ ಕಾಮನ್ ರೇಲ್ ಇಂಜಿನ್ ಕಥೆ ಇಲ್ಲಿಗೆ ಹೇಗೆ ಹೊಂದುತ್ತದೆ?

ಎಂಹಾಕ್ 2010: ನಿಮ್ಮ ಬೊಲೆರೊ ಕಥೆ ಹೊಂದುತ್ತದಾದರೆ ನನ್ನದೂ ಹೊಂದುತ್ತದೆ.

ಮಂಡ್ಯ ಗೂಡ್ಸ್: ಘಾಟಿಯಲ್ಲಿ ಹೀಟ್ ಆಗುತ್ತದೆ ಅಂದರೆ ಥರ್ಮೋಸ್ಟ್ಯಾಟ್ ವಾಲ್ವ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವುದು) ತೆಗೆದು ಬಿಸಾಕಿ. ನಮ್ಮ ಕಡೆ ಎಲ್ಲಾ ಗೂಡ್ಸ್ ಗಾಡಿಯಲ್ಲೂ ತೆಗೆಸಿದ್ದೇವೆ.

ತುಮಕೂರು ರೇಡಿಯೇಟರ್ ಕೆಲಸ: ಇನ್ನೊಂದು ಬಂತು. ಆ ವಾಲ್ವ್ ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನೂ ಮುಚ್ಚುವಂಥ ಇಂಜಿನ್‌ಗಳಿವೆ. ಅಂಥದ್ದರಲ್ಲಿ ತೆಗೆದುಬಿಟ್ಟರೆ ಅರ್ಧ ನೀರು ರೇಡಿಯೇಟರ್‌ಗೆ ಬರದೆ ಇಂಜಿನ್‌ನಲ್ಲೇ ಸುತ್ತುತ್ತದೆ, ಹೀಟ್ ಜಾಸ್ತಿಯೇ ಆಗುತ್ತದೆ. ತಣ್ಣಗೆ ಓಡುವ ಡೀಸೆಲ್ ಇಂಜಿನ್ ಸವೆಯುವುದೂ ಬೇಗ. ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. 0.9 ಬಾರ್ ಹಿಡಿಯುವ ಕ್ಯಾಪ್ ಸರಿ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿ ತನಕ ಕುದಿಯುವುದಿಲ್ಲ. ಅದರ ರಬ್ಬರ್ ಹೋಗಿದ್ದರೆ 100ರ ಹತ್ತಿರವೇ ಕುದಿದು ಉಕ್ಕುತ್ತದೆ.

ಮಂಡ್ಯ ಗೂಡ್ಸ್: ನಮ್ಮ ಗಾಡಿಗಳು ಓಡುತ್ತಿವೆಯಲ್ಲ. ನೀವು ಪುಸ್ತಕ ಓದಿಕೊಂಡಿರಿ.

ಮೈಸೂರು ಕ್ವಾಲಿಸ್: ಅದೇ ಇಂಜಿನ್ ಇಟ್ಟುಕೊಂಡವನು ನಾನು, ಕೇಳಿ. ನನ್ನದರಲ್ಲಿ ಹೋಗಿದ್ದು ಹೆಡ್. ಗ್ಯಾರೇಜಿನಲ್ಲಿ ಹೆಡ್ ಇಳಿಸಿ, ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ (ತಳ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿ 14,800 ತೆಗೆದುಕೊಂಡರು. ಹೈಡ್ರೋ ಟೆಸ್ಟ್ ಮಾಡಿಸಿದ್ದೀರಾ ಅಂತ ಕೇಳಿದೆ, "ಕಣ್ಣಿಗೇ ಕಾಣುತ್ತದೆ ಸರ್, ಏನೂ ಆಗಿಲ್ಲ" ಅಂದರು. ದೀಪಾವಳಿಗೆ ಚಾರ್ಮಾಡಿಯಲ್ಲಿ ಮತ್ತೆ ಉಕ್ಕಿತು. ಈ ಸಲ ಬೇರೆ ಕಡೆ ಆ ಟೆಸ್ಟ್ ಮಾಡಿಸಿ, ಹೆಡ್‌ಗೆ ಪ್ರೆಷರ್ ಹಾಕಿ ನೀರಲ್ಲಿ ಮುಳುಗಿಸಿದರೆ, ಎರಡು ವಾಲ್ವ್ ಸೀಟ್ ನಡುವೆ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಗುಳ್ಳೆ. ಬೇರೆ ಹೆಡ್ 22,000, ಗ್ಯಾಸ್ಕೆಟ್ ಸೆಟ್ 3,900, ಹೊಸ ಹೆಡ್ ಬೋಲ್ಟ್ 1,600, ಲೇಬರ್ 7,000. ಆ ಟೆಸ್ಟ್‌ಗೆ ಆಗುತ್ತಿದ್ದದ್ದು ಬರೀ 800 ರೂಪಾಯಿ.

ಇನ್ನೊಂದು. ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಬ್ಲಾಕ್‌ಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಗೇಜ್‌ನಲ್ಲಿ ಅಳೆದು ಅದಕ್ಕೆ ಸರಿಯಾದದ್ದು ಹಾಕಬೇಕು. ಮೊದಲಿನವರು ಅಂಗಡಿಯವರು ಕೊಟ್ಟಿದ್ದನ್ನೇ ಹಾಕಿದ್ದರು.

ಬೆಂಗಳೂರು ಉತ್ತರ: ಇಷ್ಟೆಲ್ಲಾ ಸುರಿಯುವ ಬದಲು ಗುಜರಿಗೆ ಹಾಕಬಾರದಾ? 15 ವರ್ಷ ದಾಟಿದ ಗಾಡಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ ತಲೆನೋವು.

ಮೈಸೂರು ಕ್ವಾಲಿಸ್: ಕ್ವಾಲಿಸ್ ತಯಾರಿಕೆ ನಿಂತಿದ್ದು 2005ರಲ್ಲಿ. ಇವತ್ತೂ ಹತ್ತು ಜನ ಕೂತು ಧರ್ಮಸ್ಥಳಕ್ಕೆ ಹೋಗಿ ಬರುತ್ತಿದ್ದೇವೆ. ಕೇಳದ ಸಲಹೆ ಕೊಡಬೇಡಿ.

ಪುತ್ತೂರು: ಯಾರೇ ಆಗಲಿ, ಹಳೇ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡಿ. ಸಿಹಿ ಇರುತ್ತದೆ, ನಾಯಿಗಳು ನೆಕ್ಕುತ್ತವೆ. ಎಥಿಲೀನ್ ಗ್ಲೈಕಾಲ್ ಕಿಡ್ನಿಗೇ ಹೊಡೆಯುತ್ತದೆ. ಪಕ್ಕದ ಮನೆಯವರು ರೇಡಿಯೇಟರ್ ತೊಳೆದು ಚೆಲ್ಲಿದ್ದಕ್ಕೆ ನಮ್ಮ ನಾಯಿ ಹೋಯಿತು.

ಹಾಸನದ ಕ್ವಾಲಿಸ್: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಗಮನಿಸಿದೆ: ರಾತ್ರಿಯೆಲ್ಲಾ ನಿಂತು ತಣ್ಣಗಾದ ಇಂಜಿನ್, ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಹೋಸ್ ಗಟ್ಟಿಯಾಯಿತು. ಆಯಿಲ್ ಕ್ಯಾಪ್ ತೆಗೆದು ನೋಡಿದೆ, ಮಜ್ಜಿಗೆ ಥರದ ಗಸಿ ಏನೂ ಇಲ್ಲ. ಇದರ ಅರ್ಥ ಏನು?

ಮೈಸೂರು ಕ್ವಾಲಿಸ್: ತಣ್ಣಗಿರುವಾಗ ಹೋಸ್ ಗಟ್ಟಿಯಾಗಬಾರದು. ಸಿಲಿಂಡರ್ ಒಳಗಿನ ಕಂಪ್ರೆಷನ್ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಅನಿಸುತ್ತದೆ. ಆಯಿಲ್‌ಗೆ ನೀರು ಸೇರಿಲ್ಲ, ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ನನ್ನದರಲ್ಲೂ ಆಯಿಲ್ ಕೆಟ್ಟಿರಲಿಲ್ಲ. ನೀಲಿ ದ್ರವದ ಗ್ಯಾಸ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಗೆ ಟ್ಯೂಬ್ ಇಟ್ಟು ಗಾಳಿ ಎಳೆಯುತ್ತಾರೆ, ಬಣ್ಣ ಬದಲಾದರೆ ಹೆಡ್ ಕಡೆಯದೇ. ಇಳಿಸಿದ ಮೇಲೆ ಹೈಡ್ರೋ ಟೆಸ್ಟ್‌ಗೆ ನೀವೇ ಹೆಡ್ ಹೊತ್ತುಕೊಂಡು ಹೋಗಿ, ಎದುರಿಗೇ ನಿಂತು ನೋಡಿ.

ಸಕಲೇಶಪುರ ಬೊಲೆರೊ: ಹೆಡ್ ಇಳಿಸುವ ಮೊದಲು ಒಂದ್ಸಲ ಪಂಪ್ ಕೆಳಗಿನ ಆ ತೂತಿಗೆ ಟಾರ್ಚ್ ಹಾಕಿ ನೋಡಿ ಅಂತ ನಾನು ಈಗಲೂ ಹೇಳುತ್ತೇನೆ.